ಕಚ್ಚಿ ಹಿಡಿದ ಬೋಲ್ಟು ಮತ್ತು ಕಾಯಕದ ಸೈರಣೆ

ಕಾಯಕಶುದ್ಧಿಯೆಂದರೆ ಗಳಿಕೆಯ ಶುದ್ಧಿಯೆಂದೇ ಹಲವರು ತಿಳಿದಿರುವರು. ಅದು ಅರ್ಧದ ತಿಳಿವಳಿಕೆ. ತನ್ನ ಕೈಗೆ ಒಪ್ಪಿಸಿದ ವಸ್ತುವನ್ನು ಕೆಡಿಸದೆ ಹಿಂದಿರುಗಿಸುವುದೂ ಆ ಶುದ್ಧಿಗೆ ಸೇರಿದುದೇ ಆಗಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಟ್ಟೆಯನ್ನು ಮಡಿಮಾಡುವ ಕಾಯಕವನ್ನು ಕೈಕೊಂಡಿದ್ದ ಮಡಿವಾಳ ಮಾಚಿದೇವರ ಹಸ್ತಕ್ಕೆ ಬಂದ ಅರಿವೆ ಪರರದು. ಕೊಳೆಯನ್ನು ತೆಗೆಯುವ ಭರದಲ್ಲಿ ಅರಿವೆಯನ್ನೇ ಹರಿದರೆ ಅದನ್ನು ಮಡಿಯೆನ್ನಲಾದೀತೆ? ಹಳೆಯ ಮೋಟಾರು ಸೈಕಲ್ಲನ್ನು ದುರಸ್ತಿಗೆಂದು ಬಿಚ್ಚುವವನ ಮುಂದೆಯೂ ಇದೇ ಪ್ರಶ್ನೆ ಬಂದು ನಿಲ್ಲುವುದು. ಮಾಚಿದೇವರ ಕಾಲದಲ್ಲಿ ಫಟಫಟಿಗಳಿರಲಿಲ್ಲ; ಕೈಯ ಆತುರವಂತೂ ಇದ್ದೇ ಇದ್ದಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ಕಾರಣವುಂಟು. ೨೦೧೯ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ದೂಧಗಂಗೆ ವೇದಗಂಗೆಗಳೂ ದಡಮೀರಿ ಹರಿದು ತೀರದ ಊರುಗಳನ್ನು ಹೊಕ್ಕವು. ೨೦೨೧ರ ಜುಲೈನಲ್ಲಿ ಮತ್ತೆ ನೆರೆ ಬಂದಿತು. ಮಕ್ಕಳುಮರಿಗಳನ್ನೂ ದನಕರುಗಳನ್ನೂ ಎತ್ತರಕ್ಕೆ ಸಾಗಿಸುವ ಹೊತ್ತಿನಲ್ಲಿ ಕೊಟ್ಟಿಗೆಯ ಮೂಲೆಯ ಹಳೆಯ ಗಾಡಿಯನ್ನು ನೆನೆಯುವವರಾರು? ನೀರಿಳಿದ ಮೇಲೆ ಅದರ ಸಂದುಗೊಂದುಗಳಲ್ಲಿ ಕೆಸರು ಉಳಿಯಿತು. ಜಾವಾ, ಎಜ್ಡಿ ಗಾಡಿಗಳನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಲ್ಲಿ ತಯಾರಿಕೆಗೆ ತೊಡಗಿ ೧೯೯೬ರಲ್ಲಿ ಮುಚ್ಚಿತು. ಆದುದರಿಂದ ತಂದೆ ಕೊಂಡ ಅಂಥ ಗಾಡಿಯ ಎಂಜಿನ್ನಿನ ಕೇಸು ಒಡೆದರೆ ಕಾರ್ಖಾನೆಗೆ ಬರೆದು ಬೇರೊಂದನ್ನು ತರಿಸುವಂತಿಲ್ಲ.

ಬೋಲ್ಟು ಕಚ್ಚಿ ಹಿಡಿಯುವುದು ಹಟದಿಂದಲ್ಲ. ಬೋಲ್ಟು ಉಕ್ಕಿನದು, ಕೇಸು ಅಲ್ಯೂಮಿನಿಯಮ್ಮಿನದು. ಎರಡು ಬೇರೆ ಲೋಹಗಳ ನಡುವೆ ತೇವ ನಿಂತಾಗ ಅಲ್ಯೂಮಿನಿಯಮ್ಮು ಸವೆದು ಬಿಳಿಯ ಪುಡಿಯಾಗುವುದು, ಉಕ್ಕು ತುಕ್ಕಾಗುವುದು. ಪುಡಿಯೂ ತುಕ್ಕೂ ಮೂಲಲೋಹಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಥ್ರೆಡ್ಡಿನ ಸಂದೆಲ್ಲ ತುಂಬಿ ಬಿಗಿಯುವುದು. ಇದನ್ನರಿಯದವನು ಪಾನಾಕ್ಕೆ ಉದ್ದನೆಯ ಕೊಳವೆಯನ್ನು ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕುವನು. ಟಕ್ಕೆಂಬ ಸದ್ದಿಗೆ, ಸಡಿಲವಾಯಿತೆಂದು ಹಿಗ್ಗುವಷ್ಟರಲ್ಲಿ ಬೋಲ್ಟಿನ ತಲೆಯು ಪಾನಾದಲ್ಲಿಯೂ ಮೈಯು ಎಂಜಿನ್ನಿನಲ್ಲಿಯೂ ಇರುವುವು.

ಅರಿತವನ ಕ್ರಮವೇ ಬೇರೆ. ತಿರುಗಿಸಬೇಕಾದ ದಿಕ್ಕನ್ನು ಅವನು ಮೊದಲು ವಿಚಾರಿಸುವನು. ಕೆಲವು ಹಳೆಯ ಎಂಜಿನ್ನುಗಳಲ್ಲಿ ಒಂದೆರಡು ನಟ್ಟುಗಳು ಎಡಮುರಿಯವು, ವಾಡಿಕೆಯಂತೆ ತಿರುಗಿಸಿದರೆ ಇನ್ನಷ್ಟು ಬಿಗಿಯುವುವು. ಬಳಿಕ ತಂತಿಯ ಬ್ರಷ್ಷಿನಿಂದ ಕೆಸರನ್ನು ಉಜ್ಜಿ ತೆಗೆದು, ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ತಲೆಯ ಬುಡಕ್ಕೆ ಬಿಟ್ಟು ಒಂದು ರಾತ್ರಿ ಕಾಯುವನು. ಬೆಳಗ್ಗೆ ಮತ್ತೆ ಬಿಡುವನು. ಕಾಯುವುದನ್ನು ಕೆಲಸವೆಂದು ಎಣಿಸದಿರುವುದೇ ದೊಡ್ಡ ತಪ್ಪು. ಎಣ್ಣೆಯು ಕೂದಲೆಳೆಗಿಂತ ಕಿರಿದಾದ ಸಂದಿನಲ್ಲಿ ಇಳಿಯುತ್ತಿರುವಾಗ ಆ ಗ್ಯಾರೇಜಿನಲ್ಲಿ ನಡೆಯುತ್ತಿರುವ ನಿಜವಾದ ಕಾಯಕ ಅದೊಂದೇ. ಮಗನ ಮುನಿಸನ್ನು, ಸೊಸೆಯ ಮೌನವನ್ನು ಒಂದೇ ದಿನದಲ್ಲಿ ಬಿಡಿಸಹೊರಟು ಸೋತ ಹಿರಿಯರಿಗೆ ಇದು ಹೊಸ ಮಾತಲ್ಲ. ಅನಂತರ ತಲೆಯ ಮೇಲೆ ಸುತ್ತಿಗೆಯಿಂದ ನೇರವಾದ ಹಗುರ ಪೆಟ್ಟುಗಳನ್ನು ಕೊಟ್ಟರೆ ತುಕ್ಕಿನ ಹಿಡಿತ ಬಿರಿಯುವುದು. ಆರೂ ಮೂಲೆಗಳನ್ನು ಹಿಡಿಯುವ ರಿಂಗ್ ಪಾನಾವನ್ನು ಹಾಕಿ, ಮೊದಲು ಬಿಗಿಯುವ ಕಡೆಗೆ ತುಸು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಬೇಕು. ಕಾಲು ಸುತ್ತು ಬಂದಲ್ಲಿ ನಿಲ್ಲಿಸಿ, ಎಣ್ಣೆ ಬಿಟ್ಟು, ಮತ್ತೆ ಒಳಕ್ಕೆ, ಮತ್ತೆ ಹೊರಕ್ಕೆ.

ಇಷ್ಟಕ್ಕೂ ಬಾರದಿದ್ದರೆ ಶಾಖವುಂಟು. ಒಂದೇ ಶಾಖಕ್ಕೆ ಅಲ್ಯೂಮಿನಿಯಮ್ಮು ಉಕ್ಕಿಗಿಂತ ಸುಮಾರು ೨ ಪಟ್ಟು ಹಿಗ್ಗುವುದರಿಂದ ಬೋಲ್ಟನ್ನಲ್ಲ, ಅದರ ಸುತ್ತಣ ಕೇಸನ್ನು ಬಿಸಿಮಾಡಬೇಕು. ಅದಕ್ಕೆ ಮುನ್ನ ಪೆಟ್ರೋಲ್ ಟ್ಯಾಂಕನ್ನೂ ಕಾರ್ಬುರೇಟರನ್ನೂ ಕಳಚಿ ದೂರವಿರಿಸಿ, ಬಿಟ್ಟಿದ್ದ ಎಣ್ಣೆಯನ್ನು ಒರಸಿ ಒಣಗಿಸುವುದು ಅವಶ್ಯ. ಮರೆತರೆ ಗಾಡಿಯಷ್ಟೇ ಅಲ್ಲ, ಮನೆಯೂ ಉರಿದೀತು.

ಎಷ್ಟು ಎಚ್ಚರವಿದ್ದರೂ ಕೆಲವು ಬೋಲ್ಟುಗಳು ಮುರಿಯುತ್ತವೆ. ಮುರಿಯುವುದು ಪಾಪವಲ್ಲ. ಮುರಿದ ತಲೆಯನ್ನು ಗ್ರೀಸು ಮೆತ್ತಿ ಇದ್ದಲ್ಲಿಯೇ ಕೂರಿಸಿ ಗಾಡಿಯನ್ನು ಒಡೆಯನಿಗೆ ಒಪ್ಪಿಸುವುದು ಕಾಯಕದ್ರೋಹ. ಆ ಬೋಲ್ಟು ಬ್ರೇಕಿನದಾಗಿದ್ದರೆ, ಎಂಜಿನ್ನನ್ನು ಚೌಕಟ್ಟಿಗೆ ಹಿಡಿದಿಡುವುದಾಗಿದ್ದರೆ, ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿದ ಕಾಗವಾಡದ ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುವವನ ಗತಿಯೇನು? ಇದ್ದುದನ್ನು ಹೇಳಿದರೆ ಗಿರಾಕಿ ಗೊಣಗಿಯಾನು, ಗೊಣಗಲಿ. ತುಂಡು ಹೊರಗೆ ಚಾಚಿದ್ದರೆ ಅದಕ್ಕೊಂದು ನಟ್ಟನ್ನು ವೆಲ್ಡಿಂಗ್ ಮಾಡಿ ತಿರುಗಿಸಬಹುದು. ವೆಲ್ಡಿಂಗಿನ ಶಾಖವೂ ಹಿಡಿತವನ್ನು ಸಡಿಲಿಸಲು ನೆರವಾಗುವುದು. ಒಳಗೇ ಮುರಿದಿದ್ದರೆ ನಟ್ಟನಡುವೆ ಗುರುತು ಹೊಡೆದು, ಸಣ್ಣ ಡ್ರಿಲ್ಲಿನಿಂದ ಮೊದಲುಮಾಡಿ ಕ್ರಮವಾಗಿ ದೊಡ್ಡದಕ್ಕೆ ಹೋಗಬೇಕು. ಕೈ ಓರೆಯಾದರೆ ಡ್ರಿಲ್ಲು ಗಟ್ಟಿಯಾದ ಉಕ್ಕನ್ನು ಬಿಟ್ಟು ಮೆತ್ತನೆಯ ಅಲ್ಯೂಮಿನಿಯಮ್ಮಿಗೆ ಜಾರುವುದು. ಕಚ್ಚಿ ಹಿಡಿದುದು ಬೋಲ್ಟು, ಗಾಯ ಕೇಸಿಗೆ.

ತೂತು ಶುಚಿಯಾದ ಬಳಿಕ ಹೊಸ ಬೋಲ್ಟಿನ ಥ್ರೆಡ್ಡಿಗೆ ತುಸು ಗ್ರೀಸನ್ನು ಸವರಿ, ಮಿತಿಯರಿತು ಬಿಗಿಯಬೇಕು. ಕೃಷ್ಣೆಗೆ ಮತ್ತೆ ನೆರೆ ಬಂದೀತು. ಅದೇ ಬೋಲ್ಟನ್ನು ಇನ್ನೊಬ್ಬನು ಬಿಚ್ಚಬೇಕಾದೀತು.