ಆನೆಯ ಕಾಯ, ಕಪ್ಪೆಯ ಕಾಯ

ರಾಜಗೃಹದ ಕಪ್ಪೆಯ ಕಥೆಯನ್ನು ಕೇಳದ ಶ್ರಾವಕರ ಮನೆ ವಿರಳ. ಮಹಾವೀರ ಸ್ವಾಮಿಯ ಪೂಜೆಗೆಂದು ಹೂವನ್ನು ಕಚ್ಚಿಕೊಂಡು ಹೊರಟ ಆ ಜೀವವು ಶ್ರೇಣಿಕ ಮಹಾರಾಜನ ಆನೆಯ ಕಾಲಿಗೆ ಸಿಕ್ಕಿ ಪ್ರಾಣ ಬಿಟ್ಟು ದೇವಪರ್ಯಾಯವನ್ನು ಪಡೆಯಿತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೂಜೆಯ ಮಹಿಮೆಗೆ ಈ ಕಪ್ಪೆಯನ್ನೇ ಉದಾಹರಿಸಿದ್ದಾರೆ. ಆನೆ, ಕಪ್ಪೆ ಎರಡೂ ಪಂಚೇಂದ್ರಿಯ ಜೀವಗಳು. ದೀಪವು ಗಡಿಗೆಯಲ್ಲಿ ಗಡಿಗೆಯಷ್ಟು, ಕೋಣೆಯಲ್ಲಿ ಕೋಣೆಯಷ್ಟು ಬೆಳಗುವಂತೆ ಜೀವವು ತಾನು ಪಡೆದ ಕಾಯದಷ್ಟು ವ್ಯಾಪಿಸುತ್ತದೆ. ದೊಡ್ಡ ಕಾಯದಲ್ಲಿ ದೊಡ್ಡ ಜೀವವೆಂಬುದಿಲ್ಲ. ಹಾಗಾದರೆ ಅಹಿಂಸಾಣುವ್ರತಿಗೆ ಕಾಯದ ಗಾತ್ರವು ಲೆಕ್ಕಕ್ಕೆ ಬಾರದ ಸಂಗತಿಯೇ? ಆನೆಯೂ ಕಪ್ಪೆಯೂ ಒಂದೇ ಮಳೆಯಲ್ಲಿ ನೆನೆಯುವ ಬಾಬಾಬುಡನ್‌ಗಿರಿಯ ಸೀಮೆಯಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತ.

ಪ್ರಾಚೀನ ಅಸ್ಥಿಗಳನ್ನು ಅಭ್ಯಸಿಸಿದ ವಿಜ್ಞಾನಿಗಳ ಪ್ರಕಾರ, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಡೈನೋಸಾರುಗಳು ಅಳಿದಾಗ ಉಳಿದುಕೊಂಡ ಸಸ್ತನಿಗಳು ಬಹುಮಟ್ಟಿಗೆ ಚಿಕ್ಕವು. ಅವುಗಳ ಸಂತತಿಯಲ್ಲಿ ಹಲವು ಕುಲಗಳು ಕಾಲಕ್ರಮೇಣ ಹಿರಿಗಾತ್ರವನ್ನು ತಾಳಿದವು. ಈ ಪ್ರವೃತ್ತಿಗೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ವಿದ್ವಾಂಸ ಎಡ್ವರ್ಡ್ ಕೋಪ್ ಅವರ ಹೆಸರನ್ನಿಟ್ಟಿದ್ದಾರೆ, ಅಪವಾದಗಳೂ ಉಂಟು. ದೊಡ್ಡ ಕಾಯಕ್ಕೆ ವೈರಿಗಳು ಕಡಿಮೆ. ಒರಟು ಮೇವು ಸಾಕು. ಬರಗಾಲದಲ್ಲಿ ನೀರನ್ನರಸಿ ದೂರ ನಡೆಯುವ ಶಕ್ತಿಯಿದೆ. ಆದರೆ ಅದರ ಸಂತಾನ ನಿಧಾನ. ಇಲಿಯು ಮೂರು ವಾರಗಳಲ್ಲಿ ಹಲವು ಮರಿಗಳನ್ನು ಹಾಕಿದರೆ, ಆನೆಯು ಸುಮಾರು 22 ತಿಂಗಳು ಗರ್ಭ ಧರಿಸಿ ಸಾಮಾನ್ಯವಾಗಿ ಒಂದೇ ಮರಿಯನ್ನು ಹೆರುತ್ತದೆ. ಮುಂದಿನ ಮರಿಗೆ ನಾಲ್ಕೈದು ವರ್ಷ ಬೇಕು. ಆದುದರಿಂದ ಆನೆಯ ಹಿಂಡಿನಲ್ಲಿ ವರ್ಷಕ್ಕೆ ಒಂದೆರಡು ಹೆಚ್ಚಿನ ಸಾವುಗಳಾದರೂ ಹುಟ್ಟು ಸಾವಿನ ಹಿಂದೆ ಬೀಳುತ್ತದೆ. ಕಳೆದ 50 ಸಾವಿರ ವರ್ಷಗಳಲ್ಲಿ ಸೈಬೀರಿಯದ ಮ್ಯಾಮತ್, ಅಮೆರಿಕದ ನೆಲವಾಸಿ ದೈತ್ಯ ಸ್ಲಾತ್ ಮೊದಲಾದ ಹಿರಿಕಾಯದ ಪ್ರಾಣಿಗಳು ಅಳಿದವು. ಹವೆಯ ಬದಲಾವಣೆಯ ಪಾತ್ರವೆಷ್ಟೆಂಬ ಚರ್ಚೆಯಿದ್ದರೂ, ಮನುಷ್ಯನ ಬೇಟೆಯ ಪಾಲು ದೊಡ್ಡದೆಂದು ಅನೇಕ ವಿದ್ವಾಂಸರ ಮತ.

ಭದ್ರಾ ಅರಣ್ಯದ ಕಾಟಿಯ ಕಥೆಯೂ ಇದೇ ಜಾಡಿನದು. 1980ರ ದಶಕದ ಕೊನೆಯಲ್ಲಿ ದನಗಳ ದೊಡ್ಡರೋಗವು ಅಲ್ಲಿಯ ಕಾಟಿಗಳಿಗೆ ತಗುಲಿ ಅವು ಬಹುಸಂಖ್ಯೆಯಲ್ಲಿ ಸತ್ತವು. ಆ ರೋಗವು ಜಗತ್ತಿನಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು. ಆದರೆ ಒಂಬತ್ತು ತಿಂಗಳಿಗೆ ಒಂದೇ ಕರುವನ್ನು ಹೆರುವ ಕಾಟಿಯು ಒಂದು ಋತುವಿನಲ್ಲಿ ಕಳೆದುಕೊಂಡುದನ್ನು ಮರಳಿ ಪಡೆಯಲು ಎಷ್ಟೋ ವರ್ಷಗಳು ಬೇಕಾದವು.

ಹಾಗೆಂದು ಚಿಕ್ಕ ಕಾಯವೇ ಕ್ಷೇಮವೆಂದು ಭಾವಿಸಲಾಗದು. ಈ ಗಿರಿಗಳ ಪೊದೆಗಪ್ಪೆಗಳಲ್ಲಿ ಹಲವು ಎರಡು ಮೂರು ಸೆಂಟಿಮೀಟರಿಗಿಂತ ದೊಡ್ಡವಲ್ಲ. ಅವುಗಳಿಗೆ ನೀರಿನಲ್ಲಿ ಗೊದಮೊಟ್ಟೆಯಾಗಿ ಈಜುವ ಅವಸ್ಥೆಯಿಲ್ಲ. ತೇವದ ಎಡೆಯಲ್ಲಿಟ್ಟ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ. ನೆರಳು ಹೋಗಿ ನೆಲ ಒಣಗಿದರೆ ಮೊಟ್ಟೆಯೇ ಬತ್ತುತ್ತದೆ. ಆನೆಯಂತೆ ಇನ್ನೊಂದು ಬೆಟ್ಟಕ್ಕೆ ನಡೆದುಹೋಗುವ ಶಕ್ತಿ ಅವುಗಳಿಗಿಲ್ಲ. ಕಳಸಕ್ಕೆ ನೆರೆಯ ಕುದುರೆಮುಖದ ಹೆಸರನ್ನೇ ಪಡೆದ ಕಪ್ಪೆಯೊಂದು ವಿಜ್ಞಾನಿಗಳ ಪಟ್ಟಿಯನ್ನು ಸೇರಿದುದು ಈ ಶತಮಾನದಲ್ಲಷ್ಟೆ. ಹೆಸರು ಪಡೆಯುವ ಮುನ್ನವೇ ಅಳಿದ ಜೀವಗಳು ಎಷ್ಟೋ!

2017ರಲ್ಲಿ ಪ್ರಕಟವಾದ ಒಂದು ಅಧ್ಯಯನವು 27 ಸಾವಿರಕ್ಕೂ ಹೆಚ್ಚು ಬಗೆಯ ಕಶೇರುಕ ಪ್ರಾಣಿಗಳನ್ನು ತೂಗಿ ನೋಡಿ, ಅಳಿವಿನ ಭಯವು ಅತಿ ದೊಡ್ಡ ಮತ್ತು ಅತಿ ಚಿಕ್ಕ ಕಾಯಗಳಿಗೆ ಅಧಿಕವೆಂದು ಕಂಡಿತು. ದೊಡ್ಡವು ಮುಖ್ಯವಾಗಿ ಮನುಷ್ಯನು ಕೊಲ್ಲುವುದರಿಂದ ಅಳಿಯುತ್ತವೆ. ಚಿಕ್ಕವು ಅವುಗಳ ನೆಲೆಯನ್ನು ಅವನು ಕಸಿಯುವುದರಿಂದ ಅಳಿಯುತ್ತವೆ. ಶ್ರಾವಕನ ಕಣ್ಣಿಗೆ ಇಲ್ಲಿ ಎರಡು ಅಣುವ್ರತಗಳು ಕಾಣಬೇಕು. ದೊಡ್ಡ ಕಾಯವನ್ನು ಕಾಯುವುದು ಅಹಿಂಸಾಣುವ್ರತ. ಚಿಕ್ಕ ಕಾಯವನ್ನು ಕಾಯುವುದು ಪರಿಗ್ರಹಪರಿಮಾಣ ವ್ರತ.

ಸಂಕಲ್ಪೀ ಹಿಂಸೆಯನ್ನು ತ್ಯಜಿಸಿದ ತೋಟದ ಯಜಮಾನನು ಕೋವಿಯನ್ನು ಹಿಡಿಯನು. ಆದರೆ ಹಳ್ಳದ ಅಂಚಿನವರೆಗೂ ಗಿಡ ನೆಟ್ಟು, ಶೋಲಾ ಕಾಡಿನ ಸೆರಗನ್ನೂ ತೋಟಕ್ಕೆ ಸೇರಿಸಿಕೊಂಡಾಗ ಸತ್ತ ಕಪ್ಪೆಗಳ ಲೆಕ್ಕ ಯಾವ ಪ್ರತಿಕ್ರಮಣದಲ್ಲಿಯೂ ಬರುವುದಿಲ್ಲ. ಅದನ್ನು ಉದ್ಯೋಗೀ ಹಿಂಸೆ ಎಂದು ಹೇಳಿ ಮುಗಿಸುವುದು ಸುಲಭ. ಗೃಹಸ್ಥನಿಗೆ ಆ ಹಿಂಸೆ ಅನಿವಾರ್ಯವೆಂಬುದು ನಿಜ; ಅದರ ಮೇರೆ ಎಷ್ಟೆಂಬುದನ್ನು ನಿಶ್ಚಯಿಸುವುದಕ್ಕಾಗಿಯೇ ಐದನೆಯ ಅಣುವ್ರತವಿದೆ. ಕ್ಷೇತ್ರ, ವಾಸ್ತುಗಳಿಗೆ ಪರಿಮಾಣವನ್ನು ಹೇಳಿದ ವ್ರತವು ಲೋಭವನ್ನು ತಗ್ಗಿಸುವುದರ ಜೊತೆಗೆ ಅನ್ಯಜೀವಿಗಳಿಗೆ ಎಡೆಯನ್ನೂ ಉಳಿಸುತ್ತದೆ.

ಇಲ್ಲಿ ಒಂದು ನೋವಿನ ಮಾತನ್ನು ಮರೆಯಲಾಗದು. ಮೂಡಿಗೆರೆ, ಆಲ್ದೂರಿನ ಕಡೆ ಇತ್ತೀಚಿನ ವರ್ಷಗಳಲ್ಲಿ ಆನೆಯ ದಾಳಿಗೆ ಕೂಲಿಯವರು ಬಲಿಯಾಗಿದ್ದಾರೆ. ಭದ್ರಾ ಅರಣ್ಯದೊಳಗಿನ ಹಳ್ಳಿಗಳಿಂದ 2001–02ರ ಸುಮಾರಿನಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ತಮ್ಮ ನೆಲವನ್ನು ಬಿಟ್ಟು ಬೇರೆಡೆ ನೆಲೆಸಿದವು. ವನ್ಯಜೀವಿಗಳಿಗಾಗಿ ಕಷ್ಟಪಟ್ಟವರಲ್ಲಿ ಅಲ್ಪ ಪರಿಗ್ರಹದವರೇ ಹೆಚ್ಚು. ಹೀಗಿರುವಾಗ ಅಧಿಕ ಪರಿಗ್ರಹವುಳ್ಳವರು ಆನೆಯ ಮೇಲಿನ ದಯೆಯನ್ನು ಕೇವಲ ಮಾತಿನಲ್ಲಿ ಆಡಿದರೆ ಅದು ವ್ರತವೆನಿಸದು.

ಮಳೆಗಾಲದಲ್ಲಿ ಸೂಕ್ಷ್ಮಜೀವಿಗಳಿಗೆ ಬಾಧೆಯಾಗದಿರಲೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸವನ್ನು ಆಚರಿಸುತ್ತಾರೆ. ಅವರು ನಾಲ್ಕು ತಿಂಗಳು ಹೆಜ್ಜೆಯನ್ನೇ ತಡೆದು ನಿಲ್ಲುವಾಗ, ಶ್ರಾವಕನು ತನ್ನ ತೋಟದ ಬೇಲಿಯನ್ನು ಹಳ್ಳದಿಂದ ನಾಲ್ಕು ಮಾರು ಹಿಂದಕ್ಕೆ ಸರಿಸಿ, ಆ ತೇವದ ನೆಲವನ್ನು ತನ್ನದಲ್ಲವೆಂದು ದಶಲಕ್ಷಣದ ಆಕಿಂಚನ್ಯ ದಿನದಂದು ಸಂಕಲ್ಪಿಸಬಹುದು. ಅಂದಿನ ಉಪವಾಸವು ಮರುದಿನದ ಪಾರಣೆಗೆ ಮುಗಿಯುತ್ತದೆ. ಬಿಟ್ಟ ನೆಲದಲ್ಲಿ ಕಪ್ಪೆಯ ಕೂಗು ವರ್ಷವರ್ಷವೂ ಕೇಳುತ್ತಿರುತ್ತದೆ.