ಸಂಭವನೀಯತೆ ಮತ್ತು ಹೊಣೆ

ಕೃಷ್ಣರಾಜಪುರದ ಸಮೀಪ, ಸಿ.ವಿ. ರಾಮನ್ ನಗರದಲ್ಲಿ, ಸೇನೆಗಾಗಿ ರೇಡಾರ್ ರೂಪಿಸುವ ಎಲ್‌ಆರ್‌ಡಿಇ ಪ್ರಯೋಗಾಲಯವಿದೆ. ಮರಳಿ ಬಂದ ಅಲೆಯೊಡನೆ ಗದ್ದಲವೂ ಬೆರೆತಿರುವುದರಿಂದ ರೇಡಾರಿನ ಸೂಚನೆಯೆಲ್ಲವೂ ಸಂಭವನೀಯತೆಯ ಮಾತು. ಗುರುತಿಸುವ ಮಿತಿಯನ್ನು ತಗ್ಗಿಸಿದರೆ ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ. ಏರಿಸಿದರೆ ನಿಜವಾದ ವಿಮಾನವೇ ಕಣ್ತಪ್ಪೀತು. ಈ ಎರಡು ದೋಷಗಳ ಪ್ರಮಾಣವನ್ನು ಗಣಿತ ಲೆಕ್ಕ ಹಾಕಬಲ್ಲದು. ಯಾವುದನ್ನು ಸಹಿಸಬೇಕೆಂಬ ನಿರ್ಣಯ ಮಾತ್ರ ಮನುಷ್ಯನದು, ಹೊಣೆಯೂ ಅವನದೇ.

1988ರಲ್ಲಿ ಅಮೆರಿಕದ ಯುದ್ಧನೌಕೆಯೊಂದು ಇರಾನಿನ ಪ್ರಯಾಣಿಕ ವಿಮಾನವನ್ನು ಶತ್ರುವಿನದೆಂದು ಬಗೆದು ಹೊಡೆದುರುಳಿಸಿತು. 290 ಮಂದಿ ಮಡಿದರು.

ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರು 1954ರಲ್ಲಿ ಸ್ಯಾದ್ವಾದಕ್ಕೂ ಸಂಭವನೀಯತೆಗೂ ಇರುವ ಸಾಮ್ಯವನ್ನು ಎತ್ತಿ ತೋರಿಸಿದರು. 'ಸ್ಯಾತ್' ಎಂಬ ಪದ ಅರಿವಿನ ಎಲ್ಲೆಯನ್ನು ನೆನಪಿಸುತ್ತದೆ. 'ಇರಬಹುದು' ಎಂಬುದನ್ನು 'ಇದೆ'ಯೆಂದು ಗ್ರಹಿಸಿ ಶಸ್ತ್ರವೆತ್ತುವುದೇ ಪ್ರಮಾದ. ಪ್ರಮಾದವೇ ಹಿಂಸೆಯ ಮೂಲ.