*ಇಂದಿನ ಧಮ್ಮ ಚಿಂತನೆ: ಬರ ಯಾರಿಗೆ ಹೇಗೆ ಕಾಣುತ್ತದೆ?*



2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಘೋಷಣೆ ಒಂದೇ. ರೈತರು ಕಂಡ ಬರವೂ ಒಂದೇ ಆಗಿತ್ತೇ?

ಮಂಡ್ಯದ ನಾಲೆ ಬಯಲಿನ ರೈತ ಬರವನ್ನು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟದಲ್ಲಿ ನೋಡುತ್ತಾನೆ. ಕೊಡಗಿನಲ್ಲಿ ಚೆನ್ನಾಗಿ ಮಳೆಯಾದರೆ, ತನ್ನೂರಲ್ಲಿ ಹನಿ ಬೀಳದಿದ್ದರೂ ಅವನಿಗೆ ಧೈರ್ಯ. ವಿಜಯಪುರದ ಎರೆಭೂಮಿಯವನು ಮಣ್ಣಿನ ಹಸಿ ನೋಡುತ್ತಾನೆ. ಹಸಿ ಉಳಿದರೆ ಹಿಂಗಾರಿ ಜೋಳ ಬರುತ್ತದೆ, ನೆಲ ಬೇಗ ಬಿರಿದರೆ ಬರ. ಕೋಲಾರದ ಕೆಂಪು ನೆಲದವನಿಗೆ ಬರ ಕಾಣುವುದು ಕೊಳವೆಬಾವಿಯಲ್ಲಿ. ಸಾವಿರ ಅಡಿ ಕೊರೆಸಿದರೂ ನೀರಿಲ್ಲ, ಮೇಲೆ ಸಾಲ. ಮೂವರದೂ ಸುಳ್ಳಲ್ಲ. ಅವರವರು ನಿಂತ ನೆಲದಿಂದ ಕಂಡ ಸತ್ಯ.

ನಾನು ಯೋಚಿಸುವುದು ನಿಲ್ಲಲು ಸ್ವಂತ ನೆಲವೇ ಇಲ್ಲದವರ ಬಗ್ಗೆ. ನಮ್ಮ ಕೇರಿಯ ಕೂಲಿ ಹೆಣ್ಣುಮಗಳಿಗೆ ಬರವೆಂದರೆ ಕಳೆ ಕೀಳಲು ಯಾರೂ ಕರೆಯದ ದಿನ. ಆ ವರ್ಷದ ಬೆಳೆ ಪರಿಹಾರದ ಮಾನದಂಡ ಹೆಕ್ಟೇರ್ ಲೆಕ್ಕದ್ದು: ಮಳೆಯಾಶ್ರಿತಕ್ಕೆ 8,500 ರೂಪಾಯಿ, ನೀರಾವರಿಗೆ 17,000, ಗರಿಷ್ಠ 2 ಹೆಕ್ಟೇರ್. ಕೂಲಿಗೆ ಹೋಗುವವರು ಆ ಲೆಕ್ಕದಲ್ಲಿಲ್ಲ. ಬೇರೆಯವರ ಹೊಲವನ್ನು ಕೋರಿಗೆ ಮಾಡುವವರಿಗೆ ನಷ್ಟ ಇದೆ, ಪಹಣಿಯಲ್ಲಿ ಹೆಸರಿಲ್ಲ.

ಬರ ಬರೀ ಮಳೆಯ ಮಾತಲ್ಲ ಎಂಬುದು ನಮಗೆ ಹೊಸದೂ ಅಲ್ಲ. 1927ರಲ್ಲಿ ಮಹಾಡದ ಚೌದಾರ್ ಕೆರೆಯಲ್ಲಿ ನೀರಿತ್ತು. ಆದರೂ ನಮ್ಮವರಿಗೆ ಅಲ್ಲಿ ಬರವೇ ಇತ್ತು.

ಸಿದ್ಧಾರ್ಥರು ಮನೆ ಬಿಟ್ಟದ್ದು ಮುದುಕ, ರೋಗಿ, ಶವ ಕಂಡು ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅವರು ಹೇಳುವ ಕಾರಣ ರೋಹಿಣಿ ನದಿಯ ನೀರಿನ ಜಗಳ. ಗದ್ದೆಗೆ ಮೊದಲು ನೀರು ಯಾರಿಗೆ ಎಂದು ಶಾಕ್ಯರ ಆಳುಗಳೂ ಕೋಲಿಯರ ಆಳುಗಳೂ ಹೊಡೆದಾಡಿದರು. ಗಾಯವಾದದ್ದು ಆಳುಗಳಿಗೆ, ಯುದ್ಧ ತೀರ್ಮಾನಿಸಿದ್ದು ಒಡೆಯರು. ತಪ್ಪು ಯಾರದೆಂದು ಮೊದಲು ವಿಚಾರಿಸೋಣ, ನಮ್ಮವರದೂ ಇರಬಹುದು ಎಂದವರು ಸಿದ್ಧಾರ್ಥರು. ಸಂಘ ಅವರ ಮಾತು ಕೇಳಲಿಲ್ಲ.

ಸಮ್ಯಕ್ ದೃಷ್ಟಿ ಎಂದರೆ ನನಗೆ ಇದೇ. ನಮ್ಮ ದಡದಿಂದ ಕಾಣುವುದನ್ನೇ ಪೂರ್ತಿ ಸತ್ಯ ಎನ್ನದಿರುವುದು, ದಡವೇ ಇಲ್ಲದವರನ್ನು ಮೊದಲು ಕೇಳುವುದು.

*ಇಂದಿನ ಅಭ್ಯಾಸ:* ಊರಿನ ಗ್ರಾಮಸಭೆಯಲ್ಲಿ ಬರದ ಮಾತು ಬಂದಾಗ ಎದ್ದು ಒಂದು ಪ್ರಶ್ನೆ ಕೇಳೋಣ: ಪಹಣಿಯಲ್ಲಿ ಹೆಸರಿಲ್ಲದವರ ನಷ್ಟವನ್ನು ಬರೆದುಕೊಂಡವರು ಯಾರು?

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್ 🙏